ತೇಪೆಗೆ ಮೊದಲು ಪೈಪು ಪರೀಕ್ಷಿಸಿ



ಬೀದರ್ ನಗರಕ್ಕೆ ಕುಡಿಯುವ ನೀರು ಬರುವುದು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಿಂದ. ಭಾಲ್ಕಿ, ಔರಾದ್ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರಲ್ಲಿ ಹೂತ ಉಕ್ಕಿನ ಪೈಪುಗಳ ಬೆಸುಗೆ ಆ ಎಳೆತ ತಾಳಬೇಕು. ಸೋರಿದಲ್ಲಿ ತೇಪೆ ಬೆಸೆದು ಮಣ್ಣು ಮುಚ್ಚಿದರೆ ಸಾಲದು. ತುಕ್ಕಿನಿಂದ ಪೈಪು ಸವೆದಿದ್ದರೆ ಉಳಿದ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಅಳೆದು, ಇನ್ನೆಷ್ಟು ಒತ್ತಡ ತಾಳೀತೆಂದು ಲೆಕ್ಕ ಹಾಕಬಹುದು. ಎಷ್ಟೋ ಸಲ ಬದಲಿಸುವ ಅಗತ್ಯವೇ ಬೀಳದು. ಆದರೆ ಬೆಸುಗೆಯ ಬಿರುಕಿಗೆ ಈ ಲೆಕ್ಕ ಹೊಂದದು. ಪಂಪು ಚಾಲೂ–ಬಂದ್ ಆದಾಗಲೆಲ್ಲ ಒತ್ತಡ ಏರಿಳಿದು ಬಿರುಕು ಬೆಳೆಯಬಲ್ಲದು. ಅಂಥ ತುಂಡನ್ನು ಕತ್ತರಿಸಿ ತೆಗೆಯುವುದೇ ಸರಿ. ಬೇಸಿಗೆಗೆ ಮುನ್ನವೇ ಮುಖ್ಯ ಪೈಪುಗಳ ಬೆಸುಗೆ ಪರೀಕ್ಷಿಸಿ, ಸಂಬಂಧಪಟ್ಟವರು ವರದಿಯನ್ನು ಜನರ ಮುಂದಿಡಲಿ.

— ಓದುಗ, ಭಾಲ್ಕಿ