ಗಿಣಿಪಾಠವಲ್ಲದ ಕಂಠಪಾಠ

ಬಾಯಿಪಾಠವೆಂಬುದು ಬುದ್ಧಿಯ ವೈರಿಯೆಂಬ ಭಾವನೆ ಪೋಷಕರಲ್ಲಿಯೂ ಉಪಾಧ್ಯಾಯರಲ್ಲಿಯೂ ಬೇರೂರುತ್ತಿರುವ ಈ ಕಾಲದಲ್ಲಿ, ಹಿಂದಿನವರು ನೆನಪಿನ ನೆರವಿಗೆಂದು ಕಟ್ಟಿಟ್ಟ ಸೂತ್ರಗಳನ್ನೂ ಗಿಣಿಪಾಠದ ಲೆಕ್ಕಕ್ಕೆ ಸೇರಿಸಿ ತಳ್ಳಿಬಿಡುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಛಂದಸ್ಸನ್ನು ಓದಿದವರು ಬಲ್ಲ ‘ಯಮಾತಾರಾಜಭಾನಸಲಗಂ’ ಎಂಬುದು ಅರ್ಥವಿಲ್ಲದ ಹತ್ತಕ್ಷರಗಳ ಸರ. ಆದರೆ ಬೇಕಾದ ಗಣದ ಅಕ್ಷರದಿಂದ ಮೊದಲ್ಗೊಂಡು ಮೂರನ್ನು ಉಚ್ಚರಿಸಿದರೆ ಆ ಗಣದ ವಿನ್ಯಾಸವೇ ಕಿವಿಗೆ ಬೀಳುತ್ತದೆ. ‘ಯಮಾತಾ’ ಎಂದರೆ ಲಘುವಿನ ಮುಂದೆ ಎರಡು ಗುರು, ಅದೇ ಯಗಣ. ‘ಭಾನಸ’ ಎಂದರೆ ಗುರುವಿನ ಮುಂದೆ ಎರಡು ಲಘು, ಅದೇ ಭಗಣ. ಎಂಟು ಗಣಗಳೂ ಒಂದೊಂದೇ ಸಲ ಬರುವಂತೆ ಇದನ್ನು ಹೆಣೆದವನು ಜಾಣನೇ ಸರಿ.

ಸಂಗೀತದಲ್ಲಿ ಈ ಜಾಣ್ಮೆ ಇನ್ನೂ ಆಳಕ್ಕಿಳಿದಿದೆ. 17ನೆಯ ಶತಮಾನದ ತಂಜಾವೂರಿನಲ್ಲಿ ವೆಂಕಟಮಖಿಯು ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳ ಗಣನೆಯನ್ನು ನಿರೂಪಿಸಿದ ತರುವಾಯ, ಮೇಳಗಳ ಹೆಸರಿನಲ್ಲಿಯೇ ಅವುಗಳ ಕ್ರಮಾಂಕವು ಅಡಗಿರುವಂತೆ ಕಟಪಯಾದಿ ಪದ್ಧತಿಯನ್ನು ಅಳವಡಿಸಲಾಯಿತು. ಶಂಕರಾಭರಣಕ್ಕೆ ‘ಧೀರ’ ಎಂಬ ವಿಶೇಷಣ ಬಂದುದು ಶೌರ್ಯಕ್ಕಾಗಿ ಅಲ್ಲ, ಅಂಕಕ್ಕಾಗಿ: ಟಕಾರದಿಂದ ಎಣಿಸಿದರೆ ಧಕಾರ 9, ಯಕಾರದಿಂದ ಎಣಿಸಿದರೆ ರಕಾರ 2, ಬಲದಿಂದ ಎಡಕ್ಕೆ ಓದಿದರೆ 29. ‘ಮೇಚಕಲ್ಯಾಣಿ’ಯ ‘ಮೇಚ’ ಹಾಗೆಯೇ 65. ಇವೆರಡರ ನಡುವಣ ಅಂತರ 36, ಅಂದರೆ 72ರ ಸರಿ ಅರ್ಧ; ಆದುದರಿಂದ ಮಿಕ್ಕ ಸ್ವರಗಳೆಲ್ಲ ಒಂದೇ ಆಗಿದ್ದು, ಶುದ್ಧ ಮಧ್ಯಮವೊಂದು ಮಾತ್ರ ಪ್ರತಿಮಧ್ಯಮವಾಗಿದೆಯೆಂದು ವೀಣೆಯನ್ನು ಮುಟ್ಟದೆಯೇ ಹೇಳಬಹುದು. (‘ಚಕ್ರವಾಕ’ದಂಥ ಹೆಸರಿನಲ್ಲಿ ಒತ್ತಕ್ಷರದ ನಿಯಮ ತುಸು ಸಡಿಲುತ್ತದೆ, ಒಳ್ಳೆಯ ಗುರು ಅದನ್ನು ಮೊದಲೇ ಎಚ್ಚರಿಸಿರುತ್ತಾನೆ.)

ಇದಕ್ಕೆ ಹೋಲಿಸಿದರೆ, ಕಾಮನಬಿಲ್ಲಿನ ಬಣ್ಣಗಳಿಗೆಂದು ನಮ್ಮ ಮಕ್ಕಳು ಉರುಹೊಡೆಯುವ ‘ವಿಬ್‌ಗಯಾರ್’ ಬಡಕಲು; ಅದು ಕ್ರಮವನ್ನು ಹೇಳುತ್ತದೆಯೇ ಹೊರತು ಆ ಕ್ರಮಕ್ಕೆ ಕಾರಣವನ್ನು ಹೇಳದು. ಪರೀಕ್ಷೆಯ ಕೈಪಿಡಿಗಳಲ್ಲಿ ಮೊದಲಕ್ಷರಗಳನ್ನು ಪೋಣಿಸಿ ಮಾರುವ ಸೂತ್ರಗಳು ಬಹುಮಟ್ಟಿಗೆ ಇದೇ ಜಾತಿಯವು. ಅವುಗಳ ವಿಷಯದಲ್ಲಿ ಆಕ್ಷೇಪಿಸುವವರೊಡನೆ ನನಗೂ ಸಹಮತವುಂಟು.

ಆದರೆ ಯಮಾತಾ ಸೂತ್ರವನ್ನು ಕಲಿಸುವ ಉಪಾಧ್ಯಾಯರು ಅದನ್ನು ಒಪ್ಪಿಸಿಕೊಂಡು ಸುಮ್ಮನಾಗದೆ, ಎರಡಕ್ಷರದ ನಾಲ್ಕು ಬಗೆಗಳಿಗೆ ಅಂತಹುದೇ ಸರವೊಂದನ್ನು ಹೆಣೆದು ತರುವಂತೆ ಮಕ್ಕಳಿಗೆ ಹೇಳಲಿ. ಅದಕ್ಕೆ ಐದಕ್ಷರ ಸಾಕು. ನಾಲ್ಕಕ್ಷರದ ಹದಿನಾರು ಬಗೆಗಳಿಗಾದರೋ ಹತ್ತೊಂಬತ್ತು ಬೇಕಾಗುತ್ತದೆ, ಮತ್ತು ಅದು ಒಂದು ಸಂಜೆಗೆ ಮುಗಿಯುವ ಕೆಲಸವಲ್ಲ.