ಬಡ ಜೀಪಿಗೇ ಮೊದಲ ದುಡ್ಡು

ಶನಿವಾರ ಬಂತೆಂದರೆ ನಮ್ಮ ಹಂಪಾಪುರದ ಮೇಲೆ ಹೋಗುವ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಎರಡು ಬಗೆಯ ಜೀಪು ಕಾಣುತ್ತವೆ. ಒಂದು, ತಲೆ ಮೇಲೆ ಟೆಂಟು, ಮುಂದೆ ಸಾಲು ದೀಪ, ಪಕ್ಕದಲ್ಲಿ ಹೊಳೆಯುವ ಡಬ್ಬ ಕಟ್ಟಿಕೊಂಡು ಕ್ಯಾಂಪಿಂಗ್‌ಗೆ ಹೊರಟ ಬೆಂಗಳೂರಿನ ಗುಂಪು. ಇನ್ನೊಂದು, ಶುಂಠಿ ಹೊಲಕ್ಕೋ ಕೊಡಗಿನ ಕಾಫಿ ತೋಟಕ್ಕೋ ಕೂಲಿಯವರನ್ನು ತುಂಬಿಕೊಂಡು ಹೋಗುವ ನಮ್ಮೂರ ಕಡೆಯ ಜೀಪು. ಎರಡನೆಯದಕ್ಕೆ ಬಣ್ಣ ಹೋಗಿರುತ್ತದೆ, ಆದರೆ ವಾರಕ್ಕೆ ಆರು ದಿನ ಓಡುತ್ತದೆ. ಹಳೇ ಗಾಡಿಯನ್ನು ದೂರದ ದಾರಿಗೆ ಸಿದ್ಧ ಮಾಡುವುದು ಹೇಗೆಂದು ಕಲಿಯಬೇಕಾದರೆ ನಾವು ನೋಡಬೇಕಾದದ್ದು ಈ ಎರಡನೆಯ ಜೀಪನ್ನೇ ಎಂಬುದು ನನ್ನ ವಾದ.

ಮೆಕ್ಯಾನಿಕಲ್ ಬಿಇ ಓದುತ್ತಿರುವ ನಾನು ಮತ್ತು ನನ್ನ ಗೆಳೆಯರು ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮೂರು ರಾತ್ರಿಯ ಪ್ರವಾಸ ಹಾಕಿಕೊಂಡಿದ್ದೇವೆ. ಎಚ್‌.ಡಿ. ಕೋಟೆ, ಬಾವಲಿ ಮೇಲೆ ಮಾನಂದವಾಡಿ. ವಾಪಸ್ ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪ, ಹುಣಸೂರು. ಮಲಗುವುದು ಪರಿಚಯದವರ ತೋಟಗಳಲ್ಲಿ, ಅವರನ್ನು ಕೇಳಿಯೇ. ಐದು ಗಾಡಿ: ಎರಡು ಜಿಪ್ಸಿ, ಒಂದು ಬೊಲೆರೊ, ಒಂದು ಮೇಜರ್, ಒಂದು ಎಂಎಂ 540. ಒಂದೂ ಹದಿನೈದು ವರ್ಷಕ್ಕಿಂತ ಚಿಕ್ಕದಲ್ಲ. ಎಲ್ಲರೂ ಸಮನಾಗಿ ದುಡ್ಡು ಹಾಕುವುದೆಂದು ಒಪ್ಪಿಗೆಯಾಗಿತ್ತು. ಅದನ್ನು ಎಲ್ಲಿ ಖರ್ಚು ಮಾಡುವುದು ಎಂಬಲ್ಲಿಗೆ ಬಂದಾಗ ಜಗಳ ಶುರುವಾಯಿತು. ಜಿಪ್ಸಿಯವರಿಗೆ ಎಲ್‌ಇಡಿ ಪಟ್ಟಿ ಬೇಕು, ಬೊಲೆರೊದವನಿಗೆ ಕ್ಯಾರಿಯರ್ ಬೇಕು. ಎಂಎಂ 540 ತರಬೇಕಾದವನು ಸುಮ್ಮನೆ ಕೂತಿದ್ದ. ಆ ಜೀಪು ಅವರಪ್ಪನದು. ದಿನಾ ಕೂಲಿಯವರನ್ನು ಬಿಟ್ಟು ಬರುತ್ತದೆ. ಕೊನೆಗೆ ಅವನು ಹೇಳಿದ್ದು: ‘ನನ್ ಜೀಪ್ ಬೇಡ ಬಿಡ್ರೋ, ದಾರೀಲಿ ನಿಂತ್ರೆ ನಿಮ್ಗೆಲ್ಲ ತೊಂದ್ರೆ.’

ಇಂಥ ಮಾತು ಬಂದಾಗ ‘ಸರಿ, ನೀನು ನಮ್ಮ ಗಾಡೀಲೇ ಬಾ’ ಅನ್ನುವುದು ಸುಲಭ. ಅದು ಪ್ರೀತಿಯ ಮಾತಿನಂತೆ ಕೇಳಿಸುತ್ತದೆ, ಆದರೆ ದುಡ್ಡಿದ್ದವನು ಡ್ರೈವರ್, ಇಲ್ಲದವನು ಪ್ಯಾಸೆಂಜರ್ ಎಂದು ಒಪ್ಪಿಸಿದಂತೆಯೇ. ನನಗದು ಸರಿ ಕಾಣಲಿಲ್ಲ. ಸರಿ ತಪ್ಪು ಬಿಟ್ಟು ಲೆಕ್ಕ ಹಾಕಿದರೂ ಅದು ನಷ್ಟದ ತೀರ್ಮಾನ.

ಗುಂಪಿನಲ್ಲಿ ಹೋದಾಗ ಒಂದು ಗಾಡಿ ನಿಂತರೆ ಎಲ್ಲವೂ ನಿಂತಂತೆ. ನಾವು ಓದುವ ಪುಸ್ತಕದಲ್ಲಿ ಇದಕ್ಕೆ ‘ಸೀರೀಸ್ ಸಿಸ್ಟಮ್’ ಎನ್ನುತ್ತಾರೆ. ಒಂದೊಂದರ ಭರವಸೆಯನ್ನು ಗುಣಿಸುತ್ತಾ ಹೋಗಬೇಕು. ಉದಾಹರಣೆಗೆ, ನಾಲ್ಕು ಗಾಡಿ ತೊಂದರೆಯಿಲ್ಲದೆ ಮುಟ್ಟುವ ಸಾಧ್ಯತೆ ನೂರಕ್ಕೆ 95, ಐದನೆಯದರದ್ದು 70 ಅಂದುಕೊಳ್ಳಿ. ಐದೂ ಸಲೀಸಾಗಿ ಮುಟ್ಟುವ ಸಾಧ್ಯತೆ ಬರೀ 57. ನಾಲ್ಕು ಒಳ್ಳೇ ಗಾಡಿಗಳಿಗೆ ದುಡ್ಡು ಸುರಿದು 97ಕ್ಕೆ ಏರಿಸಿದರೂ ಒಟ್ಟು 62 ದಾಟುವುದಿಲ್ಲ. ಅದೇ ದುಡ್ಡಲ್ಲಿ ಬಡ ಜೀಪೊಂದನ್ನೇ 70ರಿಂದ 90ಕ್ಕೆ ತಂದರೆ 73. ಅಂಕಿ ನನ್ನ ಊಹೆಯದು, ಗುಣಾಕಾರ ಊಹೆಯದಲ್ಲ.

ಹಾಗಾದರೆ ಆ ಜೀಪನ್ನೇ ಬಿಟ್ಟುಬಿಟ್ಟರೆ ಎಂದು ಜಿಪ್ಸಿಯವನು ಕೇಳಿದ. ಬಿಟ್ಟರೆ ನಾಲ್ಕರ ಭರವಸೆ 81ಕ್ಕೆ ಏರುತ್ತದೆ, ಒಪ್ಪಿದೆ. ಆದರೆ ನೀರು, ಅಕ್ಕಿ, ಪಾತ್ರೆ, ಮೂರು ಜನ ಉಳಿದ ನಾಲ್ಕರ ಮೇಲೆ ಬೀಳುತ್ತಾರೆ. ಆಗ 95 ಎಂದು ಬರೆದುಕೊಂಡಿದ್ದು 95 ಆಗಿ ಉಳಿಯುವುದಿಲ್ಲ.

ನಮ್ಮ ಕಡೆಯ ದಾರಿಯಲ್ಲಿ ಗಾಡಿ ಕೆಟ್ಟು ನಿಲ್ಲುವುದು ತಮಾಷೆಯ ವಿಷಯವೂ ಅಲ್ಲ. ನಾಗರಹೊಳೆ ಕಾಡಿನ ಮೂಲಕ ಹೋಗುವ ಬಾವಲಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕಾಡಿನ ನಡುವೆ ನಾಲ್ಕೂವರೆಗೆ ಬೆಲ್ಟ್ ಹರಿದರೆ ಅದು ಆನೆ ಓಡಾಡುವ ಜಾಗದಲ್ಲಿ ನಿಂತ ಹಾಗೆ. ಅಲ್ಲಿ ಇಳಿದು ಸ್ಪ್ಯಾನರ್ ಹಿಡಿದು ಕೂರುವಂತಿಲ್ಲ.

ಇನ್ನು ಬ್ರೇಕ್. ಎಂಎಂ 540ಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಎಂಬುದು ಗಾಳಿಯ ತೇವವನ್ನು ನಿಧಾನಕ್ಕೆ ಹೀರಿಕೊಳ್ಳುವ ವಸ್ತು. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹಿಡಿದ ಮೇಲೆ ಅದೇ ಮಾನದಂಡ 140ಕ್ಕೆ ಇಳಿಯುತ್ತದೆ. ಭಾರ ತುಂಬಿದ ಜೀಪನ್ನು ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಸಿದರೆ ಆಯಿಲ್ ಕುದಿದು ಪೈಪಿನೊಳಗೆ ಆವಿಯಾಗುತ್ತದೆ. ಆವಿ ಅದುಮಿಕೊಳ್ಳುತ್ತದೆ, ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬಿರುಕು ಬಿಟ್ಟ ರಬ್ಬರ್ ಹೋಸ್, ಒಸರುವ ವೀಲ್ ಸಿಲಿಂಡರ್, ಸವೆದ ಲೈನರ್ ಬದಲಿಸಿ, ಹಳೇ ಆಯಿಲ್ ಪೂರ್ತಿ ತೆಗೆದು ಏರ್ ಬಿಡಿಸುವುದು ಒಂದು ದಿನದ ಕೆಲಸ. ಫೋಟೊದಲ್ಲಿ ಇದು ಯಾವುದೂ ಕಾಣುವುದಿಲ್ಲ, ಅದಕ್ಕೇ ಯಾರಿಗೂ ಬೇಡ. ನೀರು ದಾಟಿದ ಮೇಲೆ ಡ್ರಮ್ ಬ್ರೇಕು ಹಿಡಿಯುವುದಿಲ್ಲ ಎಂಬುದೂ ಗೊತ್ತಿರಬೇಕು. ಮೆಲ್ಲಗೆ ಹೋಗುತ್ತಾ ನಾಲ್ಕಾರು ಸಲ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು.

ಉಳಿದದ್ದೂ ಇಂಥದೇ. ರೇಡಿಯೇಟರ್ ಹೋಸ್, ಫ್ಯಾನ್ ಬೆಲ್ಟ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಯು-ಬೋಲ್ಟ್. ಟೈರಿನ ಗುಂಡಿ ನೋಡಿದರೆ ಸಾಲದು. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಬೇಕು. 2314 ಎಂದಿದ್ದರೆ ಅದು 2014ರ 23ನೇ ವಾರದ್ದು, ಗುಂಡಿ ಎಷ್ಟೇ ಇರಲಿ ರಬ್ಬರ್‌ಗೆ ವಯಸ್ಸಾಗಿದೆ.

ಕ್ಯಾರಿಯರ್ ಬೇಡ ಅಂದಿದ್ದಕ್ಕೆ ಬೊಲೆರೊದವನು ಇನ್ನೂ ಮುನಿಸಿಕೊಂಡಿದ್ದಾನೆ. ಇಪ್ಪತ್ತು ಲೀಟರ್ ನೀರೆಂದರೆ ಇಪ್ಪತ್ತು ಕೆಜಿ. ಅಂಥ ಎರಡು ಕ್ಯಾನು, ಒಂದು ಸ್ಟೆಪ್ನಿ, ಟೆಂಟು ತಲೆ ಮೇಲೆ ಹೋದರೆ ಗಾಡಿಯ ಭಾರಕೇಂದ್ರವೂ ಮೇಲೆ ಹೋಗುತ್ತದೆ. ವಾಲಿದ ಮಣ್ಣು ದಾರಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಭಾರ ಇರಬೇಕಾದದ್ದು ಕೆಳಗೆ, ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವೆ.

ಕಾನೂನೂ ಶೋಕಿಯ ಪರವಾಗಿಲ್ಲ. ಬುಲ್ ಬಾರ್ ಹಾಕಬಾರದೆಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳಿದ್ದು 2017ರ ಡಿಸೆಂಬರ್‌ನಲ್ಲಿ. ಕಂಪನಿ ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಹದಿನೈದು ವರ್ಷ ದಾಟಿದ ಕಾರು, ಜೀಪಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಕೂಲಿಗೆ ಓಡುವ ಮನೆಗೆ ಅದೇ ದೊಡ್ಡ ಪೆಟ್ಟು. ದೀಪದ ದುಡ್ಡು ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರಿಮಾಡಲು ಹೋದರೂ ನನಗೆ ಸಂತೋಷವೇ.

ಕೆಲಸ ಹುಡುಕುತ್ತಿರುವ ಓದುಗ ಮಿತ್ರರಿಗೂ ಒಂದು ಮಾತು. ಹೊಸ ಗಾಡಿ ವಿನ್ಯಾಸ ಮಾಡಿ ಓಡಿಸುವ ಬಾಹಾ ಸ್ಪರ್ಧೆ ಎಂಜಿನಿಯರಿಂಗ್ ಕಾಲೇಜುಗಳಿಗೆ 2007ರಿಂದ ಇದೆ, ಒಳ್ಳೆಯದೇ. ಆದರೆ ಡೀಸೆಲ್ ಲೈನಿಗೆ ಗಾಳಿ ಸೇರಿ ಎಂಜಿನ್ ಆಫ್ ಆದರೆ ಎಲ್ಲಿಂದ ಹುಡುಕಬೇಕು ಎಂಬುದನ್ನು ನನಗೆ ಕಲಿಸಿದ್ದು ಲ್ಯಾಬ್ ಅಲ್ಲ, ರಸ್ತೆ ಬದಿಯ ಗ್ಯಾರೇಜಿನ ಅಣ್ಣ. ಅವರು ಮೊದಲು ಕೇಳುವುದು, ‘ಕೊನೇ ಸಲ ಏನ್ ಬಿಚ್ಚಿದ್ರಿ?’ ಹೊಸದು ಕಟ್ಟುವುದಕ್ಕಿಂತ ಹೆಚ್ಚು ಕೆಲಸ ಇರುವುದು ಇದ್ದದ್ದನ್ನು ಓಡಿಸಿಕೊಂಡು ಹೋಗುವಲ್ಲೇ.

ಕೊನೆಗೆ ಗುಂಪಿನಲ್ಲಿ ಮೂರು ಮತ ನನ್ನ ಕಡೆ ಬಿತ್ತು. ಎಂಎಂ 540 ಮುಂದಿನ ಭಾನುವಾರ ಗ್ಯಾರೇಜಿಗೆ ಹೋಗುತ್ತದೆ, ಏಕೆಂದರೆ ಅದಕ್ಕೆ ರಜೆ ಇರುವುದು ಆ ದಿನ ಮಾತ್ರ. ದಾರಿಯಲ್ಲಿ ಅದೇ ಮುಂದೆ, ಉಳಿದವರು ಅದರ ವೇಗಕ್ಕೆ ಹಿಂದೆ. ಇಲ್ಲದಿದ್ದರೆ ನಿಧಾನದ ಗಾಡಿ ಹಿಂದೆ ಉಳಿದದ್ದು ಮುಂದಿನವರಿಗೆ ಗೊತ್ತಾಗುವುದೇ ಗಂಟೆಯ ಮೇಲೆ. ಲೆಕ್ಕ ಹಾಕಿದರೆ ಬ್ರೇಕು, ಹೋಸು, ಎರಡು ಟೈರು ಆದ ಮೇಲೆ ಉಳಿಯುವ ದುಡ್ಡಿಗೆ ಎಲ್‌ಇಡಿ ಪಟ್ಟಿ ಬರುವುದಿಲ್ಲ. ಒಂದು ದೊಡ್ಡ ಟಾರ್ಪಾಲು ಬರುತ್ತದೆ.