ನಾಬೋತನ ತೋಟ, ಕಪ್ಪತಗುಡ್ಡದ ಮಣ್ಣು

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿ ನಿಂತಿರುವ ಕಪ್ಪತಗುಡ್ಡದ ರಕ್ಷಣೆಯ ಮಾತು ಬಂದಾಗ ಮಠಗಳು, ರೈತ ಸಂಘಟನೆಗಳು, ವಿದ್ಯಾರ್ಥಿಗಳು ನೆನಪಾಗುತ್ತಾರೆ. ಇದೇ ಸೀಮೆಯ ಕ್ರೈಸ್ತ ಸಭೆಗಳು ನೆನಪಾಗುವುದು ಅಪರೂಪ. ಬಾಸೆಲ್ ಮಿಷನ್ನಿನವರು ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. ಶಾಲೆ, ಆಸ್ಪತ್ರೆಗಳ ಸೇವೆಯ ಮೂಲಕ ಸಭೆಯು ಇಲ್ಲಿನ ಬದುಕಿನೊಡನೆ ಬೆರೆತು ತಲೆಮಾರುಗಳೇ ಕಳೆದಿವೆ. ಆದರೂ ಮಣ್ಣು, ನೀರು, ಕಾಡಿನ ಪ್ರಶ್ನೆ ಎದುರಾದಾಗ ‘ಇದು ಲೋಕದ ವ್ಯವಹಾರ, ವಿಶ್ವಾಸಿಗೆ ಪರಲೋಕದ ಚಿಂತೆ ಸಾಕು’ ಎನ್ನುವವರಿದ್ದಾರೆ. ಈ ಮಾತಿಗೆ ಸತ್ಯವೇದದ ಬೆಂಬಲವಿಲ್ಲ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಭೂಮಿಯ ಮೇಲೆ ಅಧಿಕಾರ ಕೊಟ್ಟನೆಂಬುದು ನಿಜ. ಆದರೆ ಆ ಅಧಿಕಾರದ ಸ್ವರೂಪವೇನು? ಎರಡನೆಯ ಅಧ್ಯಾಯ ಅದನ್ನು ಬಿಡಿಸಿ ಹೇಳುತ್ತದೆ: ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಸಾಗುವಳಿ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಮೂಲ ಹೀಬ್ರೂ ಭಾಷೆಯಲ್ಲಿ ಸಾಗುವಳಿಗೆ ಬಳಸಿದ ಪದಕ್ಕೆ ಸೇವೆ ಎಂಬ ಅರ್ಥವೂ ಉಂಟು. ‘ಕಾಯುವುದು’ ಎಂಬ ಪದದ ಧಾತುವೇ ಮುಂದೆ ಕಾಯಿನನ ಕಥೆಯಲ್ಲಿ ಮತ್ತೆ ಬರುತ್ತದೆ. ತಮ್ಮನನ್ನು ಕೊಂದವನು, ತಾನು ಅವನ ಕಾವಲುಗಾರನೇ ಎಂದು ದೇವರನ್ನು ಕೇಳುತ್ತಾನೆ. ತೋಟವನ್ನು ಕಾಯುವ ಹೊಣೆಗೂ ಒಡಹುಟ್ಟಿದವನನ್ನು ಕಾಯುವ ಹೊಣೆಗೂ ಒಂದೇ ಪದ. ಆದ್ದರಿಂದ ಪರಿಸರ ಬೇರೆ, ನ್ಯಾಯ ಬೇರೆ ಎಂದು ಸತ್ಯವೇದ ಎಣಿಸುವುದಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ ಅರಸುಗಳ ಮೊದಲನೆಯ ಗ್ರಂಥದ 21ನೆಯ ಅಧ್ಯಾಯ. ಅಹಾಬನೆಂಬ ಅರಸನಿಗೆ ಅರಮನೆಯ ಪಕ್ಕದ ನಾಬೋತನ ದ್ರಾಕ್ಷೇತೋಟ ಬೇಕಾಯಿತು. ಅದಕ್ಕಿಂತ ಒಳ್ಳೆಯ ತೋಟವನ್ನೋ ತಕ್ಕ ಬೆಲೆಯನ್ನೋ ಕೊಡುವೆನೆಂದ. ಇಂದಿನ ಲೆಕ್ಕದಲ್ಲಿ ಅದು ನ್ಯಾಯವಾದ ಪರಿಹಾರವೇ. ಆದರೆ ಪಿತ್ರಾರ್ಜಿತ ಭೂಮಿಯನ್ನು ಕೊಡಲು ನಾಬೋತ ಒಪ್ಪಲಿಲ್ಲ. ಆಗ ಅರಸನ ಮುದ್ರೆಯೊತ್ತಿದ ಪತ್ರಗಳು ಹೊರಟವು, ಸುಳ್ಳು ಸಾಕ್ಷಿಗಳು ಎದ್ದು ನಿಂತರು, ಊರ ಹಿರಿಯರು ತಲೆಯಾಡಿಸಿದರು, ನಾಬೋತ ಕಲ್ಲೇಟಿಗೆ ಬಲಿಯಾದ. ತೋಟವನ್ನು ವಶಪಡಿಸಿಕೊಳ್ಳಲು ಹೋದ ಅರಸನನ್ನು ಪ್ರವಾದಿ ಎಲೀಯನು ಎದುರಿಸಿದ್ದು ದೇವಾಲಯದಲ್ಲಲ್ಲ, ಅದೇ ತೋಟದಲ್ಲಿ.

ಅಂಥದೇ ಪ್ರಶ್ನೆ 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ರೈತರ ಮುಂದೆ ಬಂತು. ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಿತ್ತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ರೈತರು ಎದ್ದು ನಿಂತರು; ಸರ್ಕಾರ ಅದೇ ವರ್ಷ ಸ್ವಾಧೀನವನ್ನು ಕೈಬಿಟ್ಟಿತು. 2013ರಲ್ಲಿ ಕಂಪನಿ ಕರ್ನಾಟಕದ ಯೋಜನೆಯಿಂದಲೇ ಹಿಂದೆ ಸರಿಯಿತು. ಎಲೀಯನು ತೋಟಕ್ಕೆ ಬಂದದ್ದು ನಾಬೋತನು ಸತ್ತ ಮೇಲೆ. ಹಳ್ಳಿಗುಡಿಗೆ ಕಾವಿ ತೊಟ್ಟ ಎಲೀಯ ಮೊದಲೇ ಬಂದಿದ್ದರು ಎಂದು ಕ್ರೈಸ್ತ ವಿಶ್ವಾಸಿಯು ಸಂಕೋಚವಿಲ್ಲದೆ ಹೇಳಬಹುದು.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಮಳೆಯಿಲ್ಲದೆ ಸಾಲದಲ್ಲಿ ಮುಳುಗಿದ ರೈತನಿಗೆ ಬಂದಷ್ಟು ಬೆಲೆಗೆ ಹೊಲ ಮಾರುವುದೇ ದಾರಿಯಾಗಿ ಕಾಣಬಹುದು. ಅವನನ್ನು ಪಾಪಿಯೆನ್ನಲು ಯಾರಿಗೂ ಅಧಿಕಾರವಿಲ್ಲ. ಯಾಜಕಕಾಂಡದ 25ನೆಯ ಅಧ್ಯಾಯ ಭೂಮಿ ದೇವರದು, ಮನುಷ್ಯರು ಅಲ್ಲಿ ಪರದೇಶಿಗಳು ಎಂದು ಸಾರುತ್ತದೆ. ಬಡತನದಿಂದ ಹೊಲ ಮಾರಿದವನನ್ನು ಅದು ದೂಷಿಸುವುದಿಲ್ಲ. ಅದನ್ನು ಬಿಡಿಸಿಕೊಡುವ ಹೊಣೆಯನ್ನು ಅವನ ಹತ್ತಿರದ ಬಂಧುವಿನ ಮೇಲೆ ಹೊರಿಸುತ್ತದೆ. ಭೂಮಿ ಉಳಿಸಿರೆಂದು ಉಪದೇಶಿಸುವ ಸಭೆ ಮೊದಲು ನೆರೆಯವನ ಸಾಲದ ಭಾರಕ್ಕೆ ಹೆಗಲು ಕೊಡಬೇಕೆಂಬುದೇ ಇದರ ತಾತ್ಪರ್ಯ.

ಗುಡ್ಡದ ಕಥೆಯೂ ಇದಕ್ಕೆ ಹೊರತಲ್ಲ. 2015ರಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರಲ್ಲಿ ಆ ಆದೇಶವನ್ನು ಹಿಂಪಡೆಯಿತು. ಚಿನ್ನ, ಕಬ್ಬಿಣದ ಅದಿರಿನ ಮೇಲೆ ಕಣ್ಣಿಟ್ಟವರಿಗೆ ಬಾಗಿಲು ತೆರೆದಂತಾಯಿತು. ಜನ ಬೀದಿಗಿಳಿದು ಹೋರಾಡಿದ ಮೇಲೆ 2017ರಲ್ಲಿ ಮೀಸಲು ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಒಂದು ಆದೇಶದಿಂದ ಉಳಿದದ್ದು ಇನ್ನೊಂದು ಆದೇಶದಿಂದ ಅಳಿಯಬಹುದೆಂಬ ಪಾಠವನ್ನು ಈ ನಾಲ್ಕು ವರ್ಷಗಳು ಕಲಿಸಿವೆ. ಕಾಯುವ ಕೆಲಸಕ್ಕೆ ಮುಕ್ತಾಯವಿಲ್ಲ.

ಕಾಯುವುದನ್ನು ಸದ್ದಿಲ್ಲದೆ ಮಾಡುತ್ತಿರುವವರೂ ಇದ್ದಾರೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಸುತ್ತಲ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಏಳನೆಯ ವರ್ಷ ಹೊಲವನ್ನು ಬೀಳುಬಿಟ್ಟು, ತಾನಾಗಿ ಬೆಳೆದದ್ದನ್ನು ಬಡವರಿಗೂ, ಅವರು ಉಳಿಸಿದ್ದನ್ನು ಕಾಡಿನ ಮೃಗಗಳಿಗೂ ಬಿಡಬೇಕೆಂದು ವಿಮೋಚನಕಾಂಡ ವಿಧಿಸಿದೆ. ಆ ಗ್ರಂಥವನ್ನು ಓದದೆಯೂ ಹಕ್ಕಿಗೆ ಪಾಲು ಬಿಟ್ಟ ರೈತ ಅದರ ಅರ್ಥವನ್ನು ಬಲ್ಲವನೇ ಸರಿ.

ಇನ್ನು ಸಭೆಗಳು ಮಾಡಬೇಕಾದುದು ದೊಡ್ಡದೇನೂ ಅಲ್ಲ. ಬೆಳೆಯ ಕೃತಜ್ಞತಾ ಆರಾಧನೆಯಲ್ಲಿ ಕಾಳು ಕಡಿಯೊಡನೆ ಊರ ಕೆರೆಯ ಸ್ಥಿತಿಯನ್ನೂ ದೇವರ ಮುಂದಿಡಬಹುದು. ಭಾನುವಾರದ ಶಾಲೆಯ ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ದು ಅಲ್ಲಿನ ಔಷಧೀಯ ಸಸ್ಯಗಳ ಹೆಸರು ಕಲಿಸಬಹುದು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ನಂದಿಸಲು ಹೋಗುವವರ ಜೊತೆಗೂಡಬಹುದು. ಗಣಿಯ ಅರ್ಜಿಯ ಮೇಲೆ ಸಾರ್ವಜನಿಕ ಅಹವಾಲು ನಡೆಯುವ ದಿನ ಮಠದ ಭಕ್ತರ, ದರ್ಗಾದ ಯಾತ್ರಿಕರ, ಕುರಿಗಾರರ ಪಕ್ಕದಲ್ಲಿ ಕುಳಿತು ಮಾತಾಡಬಹುದು. ಅಹಾಬನ ಕಾಲದಲ್ಲಿ ಊರ ಹಿರಿಯರು ಬಾಯಿ ತೆರೆದಿದ್ದರೆ ನಾಬೋತ ಬದುಕುತ್ತಿದ್ದ.